ಗೀರಿ ನೋಡುತ್ತಿದ್ದ ನಮ್ಮತ್ತೆ

ನಮ್ಮತ್ತೆಯ ಬಲಗೈ ಹೆಬ್ಬೆರಳಿನ ಉಗುರು ಕಪ್ಪಗಿತ್ತು. ವರ್ಷ ವರ್ಷವೂ ಮಾವಿನಕಾಯಿಯ ಸೊನೆ ತಾಗಿ ಸುಟ್ಟ ಕಪ್ಪು ಅದು; ಸೀಗೆಪುಡಿಗೂ ಹೋಗುತ್ತಿರಲಿಲ್ಲ, ಹುಣಸೆಹಣ್ಣಿಗೂ ಹೋಗುತ್ತಿರಲಿಲ್ಲ. ಉಳಿದ ಉಗುರುಗಳನ್ನೆಲ್ಲ ಮೋಟಾಗಿ ಕತ್ತರಿಸಿಕೊಳ್ಳುತ್ತಿದ್ದವರು ಅದೊಂದನ್ನು ಮಾತ್ರ ಉದ್ದ ಬಿಟ್ಟಿದ್ದರು. ಕಾಯಿ ಬಲಿತಿದೆಯೋ ಇಲ್ಲವೋ ಎಂದು ತೊಟ್ಟಿನ ಹತ್ತಿರ ಒಂದು ಗೀರು. ಹೊಸ ಬಾಗಿಲಿನ ಬಣ್ಣದ ಕೆಳಗೆ ಯಾವ ಮರವಿದೆ ಎಂದು ಒಂದು ಗೀರು. ನೆಂಟರೊಬ್ಬರು ಹೆಮ್ಮೆಯಿಂದ ತೋರಿಸಿದ ಬಳೆಯ ಮೇಲೂ ಒಮ್ಮೆ ಗೀರಿಬಿಟ್ಟು, ಅವರ ಕೈಲಿ ಚೆನ್ನಾಗಿ ಬೈಸಿಕೊಂಡಿದ್ದರು. ಯಾರು ಏನೇ ಅಂದರೂ ಅವರ ಉತ್ತರ ಒಂದೇ, ಅದೂ ತೆಲುಗಿನಲ್ಲಿ: "ಲೋಪಲ ಏಮುಂದೋ ಚೂಡೊದ್ದಾ?" ಒಳಗೇನಿದೆ ಅಂತ ನೋಡಬೇಡವಾ?

ನಾನು ಮಾಸ್ತಿ ಕಡೆಯವಳು. ನಮ್ಮದು ರಾಗಿ, ತರಕಾರಿ, ಹಸು ಇರುವ ಮನೆ. ಮದುವೆಯಾಗಿ ಬಂದದ್ದು ರಾಯಲ್ಪಾಡಿನ ಹತ್ತಿರದ ಮಾವಿನ ತೋಟದ ಮನೆಗೆ. ಅಲ್ಲಿ ಹಸುವಿಗೂ ತೆಲುಗು ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ. ಮೊದಲ ದಿನಗಳಲ್ಲಿ ಅತ್ತೆ ನನ್ನನ್ನು ಕೇಳದ ಪ್ರಶ್ನೆಯಿಲ್ಲ. ನಿಮ್ಮ ಕಡೆ ಹಸು ಕರು ಹಾಕಿದಾಗ ಮಾಸನ್ನು ಏನು ಮಾಡುತ್ತೀರಿ, ನಿದ್ದೆಯಲ್ಲಿ ಹಲ್ಲು ಕಡಿಯುತ್ತೀಯಂತೆ ಯಾಕೆ, ನಿನ್ನ ಎಡಗಿವಿ ಬಲಗಿವಿಗಿಂತ ಚಿಕ್ಕದಿದೆಯಲ್ಲ, ನಿಮ್ಮಮ್ಮನಿಗೂ ಹಾಗೇನಾ? ನನಗೆ ರೇಗಿಹೋಗುತ್ತಿತ್ತು. "ನಿಮ್ಮಮ್ಮ ಪೊಲೀಸ್ ಆಗ್ಬೇಕಿತ್ತು" ಎಂದು ಗಂಡನಿಗೆ ಹೇಳಿದೆ. "ಪೊಲೀಸ್ನೋರಾದ್ರೆ ಕೇಳಿ ಬಿಟ್ಬಿಡ್ತಾರೆ. ನಮ್ಮಮ್ಮ ಬಿಡಲ್ಲ" ಎಂದು ಅವರು ನಕ್ಕರು.

ನಾನು ಬಸುರಿಯಾದ ಹೊಸದರಲ್ಲಿ ತೋಟವೆಲ್ಲ ಹೂ ಬಿಟ್ಟಿತ್ತು. ಆ ಸೀಮೆಯಲ್ಲಿ ಯಾವ ಡಾಕ್ಟರ ಪುಸ್ತಕದಲ್ಲೂ ಇಲ್ಲದ ಒಂದು ಕಾಯಿಲೆಯಿದೆ, ಹೂವಿನ ಕೆಮ್ಮು. ಮಾವು ಹೂ ಬಿಡುವ ಕಾಲಕ್ಕೆ ಗಾಳಿಯ ತುಂಬ ಪುಡಿ, ಅದರ ಮೇಲೆ ಹೊಡೆಯುವ ಔಷಧಿಯ ಘಾಟು. ಊರಿಗೆ ಊರೇ ಕೆಮ್ಮುತ್ತದೆ. ಹೂವು ಉದುರಿ ಗೋಲಿ ಗಾತ್ರದ ಕಾಯಿ ಕಚ್ಚುವ ಹೊತ್ತಿಗೆ ಕೆಮ್ಮೂ ಹೋಗುತ್ತದೆ. ಆದ್ದರಿಂದ ನಾನು ಕೆಮ್ಮಲು ಶುರು ಮಾಡಿದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಹೂವಿನ ಕೆಮ್ಮು ಎಂದು ಮೊದಲು ತೀರ್ಪು ಕೊಟ್ಟವರು ನಮ್ಮತ್ತೆಯೇ. ಮೆಣಸು, ಬೆಲ್ಲ, ತುಳಸಿಯ ಕಷಾಯ ಕುದಿಸಿ ಕುದಿಸಿ ಕೊಟ್ಟರು. ನಾನು ಕುಡಿದೆ, ಕೆಮ್ಮಿದೆ.

ಕಾಯಿ ಕಚ್ಚಿತು. ಊರಿನ ಕೆಮ್ಮು ನಿಂತಿತು. ನನ್ನದು ನಿಲ್ಲಲಿಲ್ಲ. ಟಿಬಿ ಇರಬಹುದೆಂದು ಅಕ್ಕಪಕ್ಕದಲ್ಲಿ ಗುಸುಗುಸು ಎದ್ದಿತು. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿದರೆ ಏನೂ ಇಲ್ಲವೆಂದರು. ಬಸುರಿಯಲ್ಲವೇ, ಕೆಲವರಿಗೆ ಹೀಗಾಗುತ್ತದೆ ಎಂದು ಎಲ್ಲರೂ ಸಮಾಧಾನ ಮಾಡಿಕೊಂಡರು. ನಾನೂ ಮಾಡಿಕೊಂಡೆ. ಮಾಡಿಕೊಳ್ಳದೆ ಉಳಿದವರು ಒಬ್ಬರೇ. ಒಂದು ಮಧ್ಯಾಹ್ನ ಅತ್ತೆ ನನ್ನ ಕೋಣೆಯ ಬಾಗಿಲಲ್ಲಿ ನಿಂತು, ಉಗುರಿನಿಂದ ಚೌಕಟ್ಟನ್ನು ಕೆರೆಯುತ್ತಾ ಹೇಳಿದರು:

"ಅಮ್ಮಾಯಿ, ನಾನು ಹೇಳಿದ್ದು ತಪ್ಪು ಅನ್ಸ್ತೈತೆ. ಮರದಾಗೆ ಹೂವೇ ಇಲ್ಲ. ನಿಂಗ್ಯಾಕೆ ಕೆಮ್ಮು?"

"ನಂಗೇನು ಗೊತ್ತು ಅತ್ತೆ?"

"ನಂಗೂ ಗೊತ್ತಿಲ್ಲ. ಅದಕ್ಕೇ ನೋಡ್ಬೇಕು. ನಿಮ್ಮೂರಾಗೆ ಮಾವಿನ ತೋಟ ಇಲ್ವಲ್ಲ, ಅಲ್ಲಿಗೆ ಹೋಗಿ ಇರು. ಅಲ್ಲೂ ಕೆಮ್ಮಿದ್ರೆ ಮಾವಿನ ಮೇಲೆ ತಪ್ಪು ಹೊರ್ಸೋದು ಬಿಡಾನ."

ತವರಿಗೆ ಹೋಗಲು ಇದಕ್ಕಿಂತ ಒಳ್ಳೆಯ ನೆಪ ಬೇಕೆ ಎಂದು ನಾನು ಖುಷಿಯಾಗಿ ಬಟ್ಟೆ ತುಂಬಿದೆ. ಹೊರಡುವಾಗ ನೋಡಿದರೆ ಅತ್ತೆಯೂ ಚೀಲ ಹಿಡಿದು ನಿಂತಿದ್ದಾರೆ! ಶ್ರೀನಿವಾಸಪುರ, ಕೋಲಾರ, ಮಾಲೂರು, ಮಾಸ್ತಿ, ಬಸ್ಸಿನಿಂದ ಬಸ್ಸಿಗೆ ಹತ್ತಿ ಇಳಿಯುವಾಗಲೆಲ್ಲ ನಾನು ಯಾವಾಗ ಕೆಮ್ಮುತ್ತೇನೆಂದು ಕಿವಿಗೊಟ್ಟು ಕೂತರು. ದಾರಿಯುದ್ದಕ್ಕೂ ನಾನು ಹೆಚ್ಚು ಕೆಮ್ಮಲಿಲ್ಲ. ಅದು ಅವರಿಗೆ ಸಮಾಧಾನ ತರಲಿಲ್ಲ, ಇನ್ನೂ ಕುತೂಹಲ ತಂದಿತು.

ಅಮ್ಮನ ಮನೆಯಲ್ಲಿ ಊಟವಾದ ಮೇಲೆ ಮಲಗಿದೆ. ಕೆಮ್ಮು ಶುರುವಾಯಿತು. ಅತ್ತೆ ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು, ಅಂಗಾತ ಮಲಗು ಅಂದರು, ಮಗ್ಗುಲಾಗು ಅಂದರು, ಎದ್ದು ಕೂರು ಅಂದರು, ಮತ್ತೆ ಅಂಗಾತ ಮಲಗಿಸಿದರು. ಅಮ್ಮನಿಗೆ ತಡೆಯಲಾಗಲಿಲ್ಲ. "ಏನ್ರಮ್ಮಾ ಇದು, ಬಸುರಿ ಹುಡುಗೀನ ಹೆಂಚಿನ ಮೇಲಿನ ರೊಟ್ಟಿ ತರ ಮಗುಚಿ ಹಾಕ್ತಿದೀರಲ್ಲ?" ಎಂದಳು. ಅತ್ತೆ ಕೇಳಿಸಿಕೊಳ್ಳಲೇ ಇಲ್ಲ.

"ಮಲಗಿದ್ರೆ ಕೆಮ್ಮು, ಕೂತ್ರೆ ಇಲ್ಲ. ಇದು ಗಾಳೀಲಿರೋದಲ್ಲ, ಒಳಗಿರೋದು" ಎಂದರು. ಆಮೇಲೆ ನನ್ನ ಮುಖವನ್ನೇ ನೋಡುತ್ತಾ ಕೇಳಿದರು, "ಮಲಗಿದಾಗ ಹೆಂಗಾಗ್ತೈತೆ ಅಮ್ಮಾಯಿ? ಹೇಳು."

"ಹೇಳಕ್ಕಾಗಲ್ಲ ಅತ್ತೆ."

"ಸುಮ್ನೆ ಹೇಳು. ಏನೋ ಒಂದು."

"ಯಾರೋ ಎದೆ ಮೇಲೆ ಕೈ ಇಟ್ಟಂಗೆ."

"ಭಾರದ ಕೈನಾ? ಒತ್ತೋ ಕೈನಾ?"

"ಅತ್ತೆ, ಸಾಕು ಬಿಡಿ!" ಎಂದು ಅಳುವ ಹಾಗಾದೆ. ಅವರು ಮಂಚದ ಪಕ್ಕದಿಂದ ಎದ್ದರು. ಆದರೆ ಆ ಉತ್ತರ ಅವರಿಗೆ ಸಾಲಲಿಲ್ಲವೆಂದು ಮುಖ ನೋಡಿದರೇ ತಿಳಿಯುತ್ತಿತ್ತು.

ಮರುದಿನವೇ ಕೋಲಾರದ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿನ ಹೆರಿಗೆ ಡಾಕ್ಟರಮ್ಮ ನಡುವಯಸ್ಸಿನವರು, ಮಾತು ಕಡಿಮೆ. ಅತ್ತೆ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು ಎದೆಯ ಎಕ್ಸ್‌ರೇ ಆಗಲೇಬೇಕೆಂದರು. ಮಗುವಿಗೆ ಏನಾದರೂ ಆದೀತೆಂದು ನಾನು ಹಿಂಜರಿದೆ. ಹೊಟ್ಟೆಗೆ ಸೀಸದ ಹೊದಿಕೆ ಕಟ್ಟುತ್ತೇವೆ, ಎದೆಗೆ ಒಮ್ಮೆ ತೆಗೆದರೆ ಮಗುವಿಗೆ ತಾಗುವುದು ಇಲ್ಲವೆನ್ನುವಷ್ಟು ಕಡಿಮೆ ಎಂದು ಅವರು ಬಿಡಿಸಿ ಹೇಳಿದರು. ಆ ಹೊದಿಕೆಯನ್ನು ನನಗೆ ಕಟ್ಟುವ ಮೊದಲು ಅತ್ತೆ ಎತ್ತಿ ತೂಕ ನೋಡಿದರು. ಗೀರಿಯೂ ನೋಡಿದರು.

ಎಕ್ಸ್‌ರೇಯಲ್ಲಿ ಹೃದಯದ ಪಕ್ಕಕ್ಕೆ ಇರಬಾರದ ಒಂದು ನೆರಳಿತ್ತು. ಆಮೇಲೆ ಬಣ್ಣದ ಮದ್ದು ಚುಚ್ಚದೆ ಎಂಆರ್‌ಐ ಮಾಡಿದರು. ಫಲಿತಾಂಶ ಹೇಳುವ ದಿನ ಡಾಕ್ಟರಮ್ಮ ತಮ್ಮ ಮುಷ್ಟಿಯನ್ನು ತಮ್ಮ ಎದೆಯ ನಡುವೆ ಇಟ್ಟು ತೋರಿಸಿದರು. ಎದೆಮೂಳೆಯ ಹಿಂದೆ, ಹೃದಯದ ಮುಂದೆ, ಇದಕ್ಕಿಂತ ತುಸು ದೊಡ್ಡದಾದ ಗಡ್ಡೆಯಿದೆ. ಅದರೊಳಗೆ ಕೊಬ್ಬಿದೆ, ನೀರಿದೆ, ಗಟ್ಟಿಯಾದ ಚೂರೊಂದಿದೆ. ನೋಡಿದರೆ ಟೆರಟೋಮ ಎನ್ನುವ, ಅಪರೂಪದ, ಕ್ಯಾನ್ಸರ್ ಅಲ್ಲದ ಗಡ್ಡೆಯಂತಿದೆ. ಪೂರ್ತಿ ಖಾತ್ರಿಯಾಗುವುದು ತೆಗೆದು ಪರೀಕ್ಷಿಸಿದ ಮೇಲೆ. ಬಹುಶಃ ಹುಟ್ಟಿದಾಗಿನಿಂದ ಇದ್ದದ್ದು, ಈಗ ಉಸಿರಿನ ಕೊಳವೆಯನ್ನು ಒತ್ತುತ್ತಿದೆ.

ನನಗೆ ಅಷ್ಟರಲ್ಲಿ ಒಂದೂ ಕಿವಿಗೆ ಬೀಳುತ್ತಿರಲಿಲ್ಲ. ನಾನು, ಮಗು, ಇಬ್ಬರಲ್ಲಿ ಒಬ್ಬರೇ ಉಳಿಯುವುದು ಎಂದು ಮನಸ್ಸು ಆಗಲೇ ತೀರ್ಮಾನ ಮಾಡಿಬಿಟ್ಟಿತ್ತು. ಅವತ್ತು ಜೊತೆಗೆ ಬಂದಿದ್ದ ಗಂಡ ನನ್ನ ಕೈ ಹಿಡಿದುಕೊಂಡು ನೆಲ ನೋಡುತ್ತಿದ್ದರು. ಅತ್ತೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ಡಾಕ್ಟ್ರಮ್ಮಾ, ಗಟ್ಟಿ ಚೂರು ಅಂದ್ರಲ್ಲ, ಅದೇನು?"

"ಮೂಳೆ ಇರಬಹುದು. ಹಲ್ಲು ಇರಬಹುದು."

"ಹಲ್ಲಾ? ಎದೇಲಾ?"

"ಕೂದಲೂ ಇರಬಹುದು" ಎಂದರು ಡಾಕ್ಟರಮ್ಮ.

"ಊರಾಗೆ ಕೇಳಿದ್ರೆ ಇವಳ ಜೊತೆ ಹುಟ್ಬೇಕಾಗಿದ್ದ ಅವಳಿ ಅಂತಾರೆ. ಹೌದಾ?"

"ಅಲ್ಲಮ್ಮ. ಅವಳಿಯೂ ಅಲ್ಲ, ದೆವ್ವವೂ ಅಲ್ಲ. ಇವರು ತಾಯಿಯ ಹೊಟ್ಟೆಯಲ್ಲಿ ಬೆಳೆಯೋವಾಗ ದಾರಿ ತಪ್ಪಿ ಎದೆಯಲ್ಲಿ ಉಳಿದ ಒಂದಷ್ಟು ಜೀವಕೋಶ. ಅವಕ್ಕೆ ಚರ್ಮ, ಕೂದಲು, ಹಲ್ಲು, ಏನು ಬೇಕಾದರೂ ಮಾಡೋ ಶಕ್ತಿ ಇರುತ್ತೆ."

ಅತ್ತೆಯ ಕಣ್ಣು ಅರಳಿತು. ನಿಜ ಹೇಳುತ್ತೇನೆ, ಅರಳಿತು. ಸೊಸೆಯ ಪ್ರಾಣಕ್ಕೆ ಬಂದಿರುವಾಗ ಇವರಿಗೆ ಜಾತ್ರೆ ನೋಡುವ ಸಂಭ್ರಮವೇ ಎಂದು ನನಗೆ ಸಿಟ್ಟು ಬಂತು. ಊರಿಗೆ ಮರಳುವ ಬಸ್ಸಿನಲ್ಲಿ ಮುಖ ತಿರುಗಿಸಿ ಕೂತೆ. ಶ್ರೀನಿವಾಸಪುರ ಹತ್ತಿರ ಬಂದಾಗ ಅವರು ಮೆಲ್ಲಗೆ ಹೇಳಿದರು, "ಅಲ್ಲಮ್ಮಾಯಿ, ಹೊಟ್ಟೇಲಿ ಮಗು ಕೂದಲು ಬೆಳಸ್ಕೊಂತೈತೆ, ಎದೇಲಿ ಗಡ್ಡೆ ಬೆಳಸ್ಕೊಂತೈತೆ. ಎಷ್ಟು ಎಣ್ಣೆ ಬೇಕಾಗ್ಬೋದು ನಿಂಗೆ?" ನನಗೆ ನಗು ಬಂದುಬಿಟ್ಟಿತು. ಕಣ್ಣಲ್ಲಿ ನೀರಿಟ್ಟುಕೊಂಡೇ ನಕ್ಕೆ. ಅಲ್ಲಿಯವರೆಗೆ ಅದು ನನ್ನನ್ನು ಕೊಲ್ಲಲು ಬಂದದ್ದಾಗಿತ್ತು. ಆಮೇಲೆ ನನಗೂ ಅದರೊಳಗೆ ಏನಿದೆ ಎಂದು ತಿಳಿಯಬೇಕೆನ್ನಿಸಿತು. ಭಯ ಹೋಗಲಿಲ್ಲ, ಆದರೆ ಅದಕ್ಕೆ ಕುತೂಹಲವೆಂಬ ಜೊತೆಗಾತಿ ಸಿಕ್ಕಿದಳು.

ಮನೆಯಲ್ಲಿ ಜಗಳವಾಯಿತು. ಈಗಲೇ ಆಪರೇಷನ್ ಮಾಡಿಸಿ ಎಂದು ಅಮ್ಮ ಮಾಸ್ತಿಯಿಂದ ಬಂದು ಅಂಗಳದಲ್ಲೇ ಕೂತಳು. "ಮಗು ಇವತ್ತಲ್ಲ ನಾಳೆ ಆಗ್ತೈತೆ. ನಂಗೆ ನನ್ನ ಮಗಳು ಮುಖ್ಯ" ಎಂದಳು. ಅತ್ತೆ ಎದುರಾಡುತ್ತಾರೆಂದು ನಾನು ಹೆದರಿದ್ದೆ. "ನಂಗೂ ಅವಳೇ ಮುಖ್ಯ ಕಣಮ್ಮಾ. ನಾವಿಬ್ರೂ ಕೂತು ಮಾತಾಡಿದ್ರೆ ಏನು ತಿಳೀತೈತೆ? ಬಾ, ಕೇಳಾನ" ಎಂದು ಅಮ್ಮನನ್ನೂ ಕರೆದುಕೊಂಡು ಕೋಲಾರಕ್ಕೆ ಹೊರಟರು.

ಅಲ್ಲಿ ಡಾಕ್ಟರಮ್ಮ ಬೆಂಗಳೂರಿನ ಎದೆ ಆಪರೇಷನ್ ಡಾಕ್ಟರ ಜೊತೆ ಫೋನಿನಲ್ಲಿ ಮಾತಾಡಿ, ಸದ್ಯಕ್ಕೆ ಕಾಯೋಣವೆಂದರು. ಗಡ್ಡೆ ಬೇಗ ಬೆಳೆಯುತ್ತಿಲ್ಲ, ರಕ್ತದಲ್ಲಿ ಆಮ್ಲಜನಕ ಚೆನ್ನಾಗಿದೆ, ಕೂತರೆ ಉಸಿರಾಟ ಸಲೀಸಾಗಿದೆ. ಈಗ ಎದೆ ತೆರೆದರೆ ಇಬ್ಬರಿಗೂ ಅಪಾಯ ಹೆಚ್ಚು. ಅಮ್ಮ ಒಪ್ಪದೆ ಮುಖ ಗಂಟು ಹಾಕಿಕೊಂಡಳು. ಅತ್ತೆಗೆ ಅರ್ಥವಾಯಿತೆನ್ನಿಸಿ ಉತ್ಸಾಹ ಬಂತು.

"ನಾವೂ ಹಂಗೇ. ಕಾಯಿ ಇರೋ ಕೊಂಬೆಗೆ ಮಚ್ಚು ಹಾಕಲ್ಲ. ಕಾಯಿ ಇಳಿಸಿದ ಮೇಲೇ ಸವರೋದು."

"ಸರಿ ಅಮ್ಮ" ಎಂದರು ಡಾಕ್ಟರಮ್ಮ, "ಆದರೆ ಕೊಂಬೆಯೇ ಮುರಿಯೋ ಹಾಗಿದ್ದರೆ?"

ಅತ್ತೆ ಯೋಚಿಸಿದರು. "ಕಾಯಿ ಆಸೆ ಬಿಟ್ಟು ಮರ ಉಳಿಸ್ಕೊಂತೀವಿ."

"ನಾವೂ ಅಷ್ಟೇ. ಮುಖ ಊದಿದರೆ, ಕತ್ತಿನ ನರ ಉಬ್ಬಿದರೆ, ಕೂತಾಗಲೂ ಉಸಿರು ಸಾಲದಿದ್ದರೆ ಒಂದು ದಿನವೂ ಕಾಯಬಾರದು, ತಕ್ಷಣ ಬರಬೇಕು. ಸುಮ್ಮನೆ ಕಾಯೋದಲ್ಲ ಇದು, ನೋಡ್ತಾ ಕಾಯೋದು." ಅಮ್ಮ ಆಗ ತಲೆಯಾಡಿಸಿದಳು. ನೋಡುತ್ತಾ ಕಾಯುವ ಕೆಲಸಕ್ಕೆ ನಮ್ಮತ್ತೆಗಿಂತ ಸರಿಯಾದವರು ಸಿಗುವುದಿಲ್ಲವೆಂದು ಅವಳಿಗೂ ಅಷ್ಟರಲ್ಲಿ ಗೊತ್ತಾಗಿತ್ತು.

ಅಂಗಾತ ಮಲಗಬಾರದು, ತಲೆಯೂ ಎದೆಯೂ ಎತ್ತರದಲ್ಲಿರಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ದಿಂಬುಗಳನ್ನು ಪೇರಿಸಿದರೆ ಜಾರಿ ಹೋಗುತ್ತಿದ್ದವು. ಅತ್ತೆ ತೋಟದಿಂದ ಮಾವಿನಕಾಯಿ ತುಂಬುವ ಟೊಮೇಟೊ ಕ್ರೇಟುಗಳನ್ನು ತರಿಸಿ, ತೊಳೆದು ಒಣಗಿಸಿ, ಮೆಟ್ಟಿಲಿನ ಹಾಗೆ ಜೋಡಿಸಿ ಹಗ್ಗದಿಂದ ಬಿಗಿದು, ಮೇಲೆ ಹಳೆಯ ಸೀರೆಗಳ ಕೌದಿ ಹಾಸಿದರು. ಮೊದಲು ತಾವೇ ಒರಗಿ ನೋಡಿದರು. "ಸೊಂಟಕ್ಕೆ ಒತ್ತುತೈತೆ" ಎಂದು ಬಿಚ್ಚಿ ಮತ್ತೆ ಕಟ್ಟಿದರು. ಆ ಬೇಸಿಗೆಯಲ್ಲಿ ಹೊರಗೆ ಕಾಯಿಯ ಭಾರಕ್ಕೆ ಬಾಗಿದ ಕೊಂಬೆಗಳಿಗೆಲ್ಲ ಕವೆಗೋಲು ಕೊಟ್ಟು ನಿಲ್ಲಿಸಿದ್ದರು, ಒಳಗೆ ನನಗೆ ಕ್ರೇಟು ಕೊಟ್ಟು ಒರಗಿಸಿದ್ದರು. ನಾನು ಎಷ್ಟೋ ದಿನಗಳ ಮೇಲೆ ಕಣ್ತುಂಬ ನಿದ್ದೆ ಮಾಡಿದೆ.

ದಿನಾ ಬೆಳಿಗ್ಗೆ ಕಾಫಿ ಕೊಡುವಾಗ ಅವರು ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡುತ್ತಿದ್ದರು. ಮದುವೆಯಾದ ಹೊಸದರಲ್ಲಿ ಹಾಗೆ ಮಾಡಿದ್ದರೆ ಕೈ ತಳ್ಳಿಬಿಡುತ್ತಿದ್ದೆ. ಕಾಯಿ ಇಳಿಸುವ ಗಡಿಬಿಡಿಯಲ್ಲಿ ಅಂಗಳವೆಲ್ಲ ಆಳುಗಳು, ಟೆಂಪೋಗಳು ತುಂಬಿದ್ದ ಒಂದು ಬೆಳಿಗ್ಗೆ ಹಾಗೆ ನೋಡಿದವರು ಕಾಫಿ ಲೋಟವನ್ನು ನೆಲಕ್ಕಿಟ್ಟರು. "ಕಣ್ಣಿನ ಕೆಳಗೆ ಊದೈತೆ. ಕತ್ತು ನೋಡು. ನಡಿ." ಅಷ್ಟೇ. ಕಾಯಿ ತುಂಬುತ್ತಿದ್ದ ಟೆಂಪೋವನ್ನು ಬಿಟ್ಟು ಗಂಡ ಕಾರು ತಂದರು. ಕೋಲಾರದಲ್ಲಿ ಡಾಕ್ಟರಮ್ಮ ನೋಡಿದವರೇ ಅಲ್ಲಿಂದ ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಕಳಿಸಿದರು. ಗಡ್ಡೆಯೊಳಗೆ ನೀರು ತುಂಬಿ ದೊಡ್ಡ ರಕ್ತನಾಳವನ್ನು ಒತ್ತಲು ಶುರು ಮಾಡಿತ್ತು. ಮಗು ಬದುಕುವಷ್ಟು ಬೆಳೆದಿದೆ, ಇನ್ನು ಕಾಯುವುದಿಲ್ಲ, ಸಿಸೇರಿಯನ್ ಹೆರಿಗೆ ಮಾಡಿಸುತ್ತೇವೆ ಎಂದರು ಅಲ್ಲಿಯವರು.

ಅರಿವಳಿಕೆ ಡಾಕ್ಟರು ಹುಡುಗ ವಯಸ್ಸಿನವರು. ಅತ್ತೆ ಅವರನ್ನೂ ಬಿಡಲಿಲ್ಲ. "ಅಂಗಾತ ಮಲಗಿಸ್ತೀರಾ ಸಾರ್?" ಎಂದು ಕೇಳಿದರು. "ಇಲ್ಲಮ್ಮ, ನಮಗೂ ಅದೇ ಯೋಚನೆ. ಪೂರ್ತಿ ಪ್ರಜ್ಞೆ ತಪ್ಪಿಸಿ ಮಲಗಿಸಿದರೆ ಗಡ್ಡೆ ಉಸಿರಿನ ಕೊಳವೆ ಮೇಲೆ ಕೂತುಬಿಡಬಹುದು. ಬೆನ್ನಿಗೆ ಸ್ವಲ್ಪ ಸ್ವಲ್ಪವಾಗಿ ಇಂಜೆಕ್ಷನ್ ಕೊಟ್ಟು, ತಲೆ ಕಡೆ ಎತ್ತಿಟ್ಟೇ ಮಾಡ್ತೀವಿ. ಎದೆ ಡಾಕ್ಟರೂ ಪಕ್ಕದಲ್ಲೇ ನಿಂತಿರ್ತಾರೆ" ಎಂದರು ಅವರು. ಅತ್ತೆಗೆ ತೃಪ್ತಿಯಾಯಿತು. ಅಷ್ಟರಲ್ಲಿ ಗುಂಡಿ ಒತ್ತಿದರೆ ತಲೆಯ ಕಡೆ ಏಳುವ ಮಂಚ ಅವರ ಕಣ್ಣಿಗೆ ಬಿದ್ದಿತ್ತು. ನನ್ನನ್ನು ಅದರ ಮೇಲಿಟ್ಟುಕೊಂಡೇ ಮೇಲೆ ಕೆಳಗೆ ಮಾಡಿ ನೋಡಿ, ನರ್ಸಮ್ಮನ ಕೈಲಿ ಬೈಸಿಕೊಂಡರು. "ನಮ್ಮ ಕ್ರೇಟೇ ವಾಸಿ, ಕರೆಂಟು ಹೋದ್ರೂ ಇರ್ತೈತೆ" ಎಂದು ನನಗೆ ಮಾತ್ರ ಕೇಳುವಂತೆ ಅಂದರು. ಭಯ ಹೋಗಿರಲಿಲ್ಲ, ಆದರೂ ಆಪರೇಷನ್ ಕೋಣೆಯ ಒಳಗೆ ಹೋಗುವಾಗ ಮುಖದಲ್ಲಿ ನಗುವಿತ್ತು.

ಮಗಳು ಹುಟ್ಟಿದಳು. ಹಿಡಿಯಷ್ಟಿದ್ದಳು, ಆದರೆ ತಲೆ ತುಂಬ ಕೂದಲಿತ್ತು. ಹೆರಿಗೆಯ ಮರುದಿನ ಗಡ್ಡೆಯೊಳಗಿನ ನೀರನ್ನು ಸೂಜಿಯಿಂದ ತೆಗೆದು ಒತ್ತಡ ಇಳಿಸಿದರು. ನಾನು ಸ್ವಲ್ಪ ಗಟ್ಟಿಯಾದ ಮೇಲೆ, ತೋಟದಲ್ಲಿ ಕೊಂಬೆ ಸವರುವ ಕೆಲಸ ಮುಗಿದ ಹೊತ್ತಿಗೆ, ಎದೆ ತೆರೆದು ಗಡ್ಡೆಯನ್ನೇ ತೆಗೆದರು.

ಆಪರೇಷನ್ ಮುಗಿಸಿದ ಡಾಕ್ಟರು ಅದನ್ನು ಒಂದು ತಟ್ಟೆಯಲ್ಲಿಟ್ಟುಕೊಂಡು ಮನೆಯವರಿಗೆ ತೋರಿಸಲು ಹೊರಗೆ ಬಂದರಂತೆ. ನನ್ನ ಗಂಡ ಒಮ್ಮೆ ನೋಡಿ ಗೋಡೆ ಹಿಡಿದು ಕೂತರಂತೆ. ಅತ್ತೆ ಸೆರಗು ಸಿಕ್ಕಿಸಿಕೊಂಡು ಬಗ್ಗಿ, ಸುತ್ತ ತಿರುಗಿ ನೋಡಿದರಂತೆ. ಆಮೇಲೆ ಆ ಕಪ್ಪು ಉಗುರಿನ ಬೆರಳು ತಾನಾಗಿಯೇ ಮುಂದಕ್ಕೆ ಹೋಯಿತಂತೆ. "ಅಮ್ಮಾ! ಮುಟ್ಟಬಾರದು!" ಎಂದು ಡಾಕ್ಟರು ತಟ್ಟೆ ಹಿಂದಕ್ಕೆಳೆದುಕೊಂಡರಂತೆ. ಒಳಗೇನಿದೆಯೆಂದು ಲ್ಯಾಬಿನವರು ಕೊಯ್ದು ನೋಡಿ ಹೇಳುತ್ತಾರೆ ಎಂದರಂತೆ. ಅಲ್ಲಿಂದ ಮುಂದೆ ಅತ್ತೆ ಲ್ಯಾಬಿನ ಬಾಗಿಲು ಬಿಟ್ಟು ಕದಲಿದ್ದರೆ ಕೇಳಿ. ಒಂದು ಮಧ್ಯಾಹ್ನ ವಾರ್ಡಿಗೆ ಬಂದವರ ಮುಖ ಹಬ್ಬದಂತಿತ್ತು.

"ಕ್ಯಾನ್ಸರ್ ಅಲ್ವಂತೆ ಅಮ್ಮಾಯಿ. ಒಂದು ಚೂರೂ ಅಲ್ವಂತೆ!" ಎಂದು ನನ್ನ ತಲೆ ಸವರಿದರು. ಸವರಿದ ಕೈಯನ್ನು ಅಲ್ಲಿಂದ ತೆಗೆಯಲೇ ಇಲ್ಲ. ಇಷ್ಟು ದಿನ ಇವರೂ ಹೆದರಿದ್ದರೆಂದು ನನಗೆ ಆಗ ಹೊಳೆಯಿತು. ಮರುಕ್ಷಣವೇ ಹತ್ತಿರ ಬಗ್ಗಿದರು. "ಕೂದಲಿತ್ತಂತೆ. ಕಪ್ಪು ಕೂದಲು, ನಿನ್ನ ಜಡೆ ತರಾನೇ. ಒಂದು ಹಲ್ಲೂ ಇತ್ತಂತೆ. ಆ ಕೂದಲು ಯಾರೂ ಹಾಕ್ದೇನೇ ಎಣ್ಣೇಲಿ ನೆಂದಿತ್ತಂತೆ ಕಣೇ!"

ಮಗಳು ಶಾಲೆಗೆ ಹೋಗಲು ಶುರು ಮಾಡಿದ ವರ್ಷ ಅತ್ತೆಯ ಹೃದಯ ಸೋಲುತ್ತಾ ಬಂತು. ಕಾಲು ಊದಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಎದ್ದು ಕೂತರೆ ಸರಿಹೋಗುತ್ತಿತ್ತು. ಶ್ವಾಸಕೋಶಕ್ಕೆ ನೀರು ಬರುತ್ತಿದೆ, ಮಾತ್ರೆ ತಪ್ಪಿಸಬೇಡಿ, ತಲೆ ಎತ್ತರಕ್ಕಿಡಿ ಎಂದು ಕೋಲಾರದಲ್ಲಿ ಹೇಳಿದರು. ನಾನು ಯಾರನ್ನೂ ಕೇಳದೆ ತೋಟಕ್ಕೆ ಹೋಗಿ ಕ್ರೇಟುಗಳನ್ನು ತಂದೆ, ತೊಳೆದೆ, ಅವರು ಕಟ್ಟಿದ್ದ ಹಾಗೆಯೇ ಕಟ್ಟಿದೆ. ಮೊದಲು ನಾನೇ ಒರಗಿ ನೋಡಿದೆ. ಅವರನ್ನು ಒರಗಿಸಿದಾಗ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಏನನ್ನೋ ಕೇಳಿಸಿಕೊಳ್ಳುವವರ ಹಾಗಿದ್ದರು.

"ಅಮ್ಮಾಯಿ, ಈಗ ತಿಳೀತು" ಎಂದರು.

"ಏನತ್ತೆ?"

"ಎದೆ ಮೇಲೆ ಕೈ ಇಟ್ಟಂಗೆ ಅಂದಿದ್ದೆ ನೀನು. ಹಂಗಲ್ಲ ಅದು. ಹೊರಗಿಂದ ಯಾರೂ ಒತ್ತಲ್ಲ. ಒಳಗೇ ಜಾಗ ಸಾಲ್ದಂಗೆ ಆಗ್ತೈತೆ. ಹಿಂಗೇ ಅಲ್ವಾ ಇದ್ದಿದ್ದು?"

ಹೌದು, ಹಾಗೆಯೇ ಇತ್ತು. ಅದಕ್ಕಿಂತ ಸರಿಯಾಗಿ ಹೇಳಲು ಸಾಧ್ಯವಿರಲಿಲ್ಲ. "ಹಿಂಗೇ ಇತ್ತು ಅತ್ತೆ" ಎಂದೆ.

"ಮತ್ತೆ ಆವತ್ತೇ ಹೇಳಕ್ಕೇನಾಗಿತ್ತು ನಿಂಗೆ?" ಎಂದು ಗದರಿಸಿದರು. ಗದರಿಸುವಾಗಲೂ ಅವರ ಮುಖದಲ್ಲಿ, ಬಹಳ ದಿನ ಬಾಕಿಯಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿದ ನೆಮ್ಮದಿಯಿತ್ತು.

ಮುಂದಿನ ಹೂವಿನ ಕಾಲಕ್ಕೆ ಅವರು ಹೋದರು. ಬೆಳಿಗ್ಗೆ ಕಾಫಿ ಕೊಡಲು ಹೋದವಳು ಅವರ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದೆ. ಆಗಲೇ ಎಲ್ಲ ಮುಗಿಯುತ್ತಾ ಬಂದಿತ್ತು. ಡಾಕ್ಟರ ಹತ್ತಿರ ಹೋಗುವಷ್ಟು ಹೊತ್ತೂ ಕೊಡಲಿಲ್ಲ. ತೋಟದ ತುಂಬ ಹೂವಿತ್ತು, ನೋಡಲು ಬಂದವರೆಲ್ಲ ಕೆಮ್ಮುತ್ತಿದ್ದರು. ಪಡಸಾಲೆಯಲ್ಲಿ ಚಾಪೆ ಹಾಸಿ ಅವರನ್ನು ಅಂಗಾತ ಮಲಗಿಸಿದರು. ತಲೆಯ ಕೆಳಗೆ ಏನೂ ಇಟ್ಟಿರಲಿಲ್ಲ. ನನಗೆ ನೋಡಲಾಗಲಿಲ್ಲ. ಒಳಗೆ ಓಡಿ ಹಗ್ಗ ಬಿಚ್ಚಿ ಒಂದು ಕ್ರೇಟನ್ನು ಎತ್ತಿಕೊಂಡು ಬಂದೆ. ಹೆಂಗಸರೆಲ್ಲ ಏನಿದು ಎಂದು ನನ್ನನ್ನೇ ನೋಡಿದರು. ಗೊತ್ತಾದದ್ದು ಅಮ್ಮನಿಗೊಬ್ಬಳಿಗೇ. ಮಾಸ್ತಿಯಿಂದ ಆಗಷ್ಟೇ ಬಂದಿಳಿದಿದ್ದ ಅವಳು ಎದ್ದು ಬಂದು, ಅದನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು.

"ಬೇಡ ಕಣೇ," ಎಂದಳು, "ಇನ್ಮೇಲೆ ಅವ್ರಿಗೆ ಮಲಗಕ್ಕಾಗ್ತೈತೆ."